ಸುಮ್ಮನೆ ಅಲೆಯುವವರು ಯಾರೂ ಇಲ್ಲ

ಸುಗ್ಗಿ ಮುಗಿದು ಬಿಸಿಲು ಏರತೊಡಗಿದಾಗ ನಮ್ಮ ಮನೆಗೆ ಹೆಳವರು ಬರುವುದುಂಟು. ನಮ್ಮ ಮನೆ ಅಂದರೆ ರಾಜರಾಜೇಶ್ವರಿನಗರದ ಒಳಗೆ ಸೇರಿಹೋದ ಕೆಂಚೇನಹಳ್ಳಿಯಲ್ಲಿರುವ ನನ್ನ ಗಂಡನ ಹಿರಿಯರ ಮನೆ. ಹಿಂದೆಲ್ಲ ಎತ್ತಿನ ಮೇಲೆ ಗಂಟು ಹೇರಿಕೊಂಡು, ಗಂಟೆ ಬಾರಿಸುತ್ತ ಬರುತ್ತಿದ್ದರಂತೆ. ಈಗ ಮೈಸೂರು ರಸ್ತೆಯ ಕಮಾನಿನ ಹತ್ತಿರ ಬಸ್ಸಿಳಿದು ಬರುತ್ತಾರೆ. ಜಗಲಿಯ ಮೇಲೆ ಕೂತು, ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚಿ, ಮನೆತನದ ಮೂಲ ಎಲ್ಲಿಂದ ಬಂತು, ಯಾರಿಗೆ ಯಾರು ಹುಟ್ಟಿದರು, ಯಾವ ಹೆಣ್ಣು ಯಾವ ಊರಿಗೆ ಹೋದಳು ಎಂದು ರಾಗವಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ರಾಗಿಯೋ ದುಡ್ಡೋ ಕೊಟ್ಟದ್ದನ್ನು ಪಡೆದು ಮುಂದಿನ ಒಕ್ಕಲಿನ ಮನೆಗೆ ಹೊರಡುತ್ತಾರೆ.

ಒಮ್ಮೆ ಅವರಲ್ಲೊಬ್ಬ ಬಂದಾಗ ಮೇಲಿನ ಮನೆಯ ಬಾಡಿಗೆಯವರು ಕಿಟಕಿಯಿಂದ ಇಣುಕಿ, ‘ಆಂಟಿ, ಯಾರೋ ಅಲೆಮಾರಿಗಳು ಬಂದಿದಾರೆ, ಗೇಟ್ ಹಾಕ್ಕೊಳಿ’ ಎಂದು ಕೂಗಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೂಗಿದ್ದು. ಆದರೆ ಆ ಬೀದಿಯಲ್ಲಿ ಆಗ ನಡೆಯುತ್ತಿದ್ದವರಲ್ಲಿ ತಾನು ಎಲ್ಲಿಗೆ ಹೋಗಬೇಕು, ಯಾರನ್ನು ನೋಡಬೇಕು, ಯಾವ ಹೆಸರು ಕೇಳಬೇಕು ಎಂಬುದು ಆ ಹೆಳವನಷ್ಟು ಖಚಿತವಾಗಿ ಬೇರೆ ಯಾರಿಗೆ ಗೊತ್ತಿತ್ತು? ಸುತ್ತಲ ಹೊಲ ಬಡಾವಣೆಯಾಗಿ, ಮನೆಯ ಮುಂದೆ ಅಪಾರ್ಟ್‌ಮೆಂಟ್ ಎದ್ದಮೇಲೂ ಅವನು ಒಕ್ಕಲನ್ನು ಹುಡುಕಿಕೊಂಡು ಬಂದಿದ್ದ. ‘ಹೆಳವ’ ಎಂದರೆ ಕಾಲಿಲ್ಲದವನು, ಕುಂಟ. ಕಾಲಿಲ್ಲದ ಮೂಲಪುರುಷನ ಹೆಸರು ಹೊತ್ತ ಈ ಜನ ತಲೆಮಾರುಗಳಿಂದ ನಡೆಯುತ್ತಲೇ ಇದ್ದಾರೆ, ಅದೂ ಗೊತ್ತುಪಡಿಸಿದ ಹಾದಿಯಲ್ಲಿ, ಗೊತ್ತುಪಡಿಸಿದ ಕಾಲಕ್ಕೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಇಂಗ್ಲಿಷಿನ ‘ವಾಂಡರ್’ ಎಂಬ ಕ್ರಿಯಾಪದಕ್ಕೆ ಶಾಲೆಯ ನಿಘಂಟಿನಲ್ಲಿ ‘ಗುರಿಯಿಲ್ಲದೆ ಅಲೆ’ ಎಂದು ಅರ್ಥ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ನಾನೂ ಅದನ್ನೇ ಮಕ್ಕಳಿಗೆ ಹೇಳಿದೆ. ಆ ಪದ ಅಷ್ಟಕ್ಕೇ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ಮನಸ್ಸು ವಾಂಡರ್ ಆಗುತ್ತದೆ, ನದಿ ಆಗುತ್ತದೆ, ಮಾತು ವಿಷಯ ಬಿಟ್ಟು ಆಗುತ್ತದೆ, ಜ್ವರ ಬಂದವರ ಪ್ರಜ್ಞೆಯೂ ಆಗುತ್ತದೆ. ಜರ್ಮನರಲ್ಲಿ ಅದೇ ಮೂಲದ ‘ವಾಂಡರ್ನ್’ ಎಂಬುದಕ್ಕೆ ಕಾಡುಗುಡ್ಡಗಳಲ್ಲಿ ಗುರುತು ಹಾಕಿದ ಹಾದಿ ಹಿಡಿದು ಚಾರಣ ಹೋಗುವುದು ಎಂಬ ಅರ್ಥ. ಅಲ್ಲಿ ಅದು ಶಿಸ್ತಿನ ಕೆಲಸ. ಹಳೆಯ ಗ್ರೀಕರು ನಕ್ಷತ್ರಗಳ ನಡುವೆ ಜಾಗ ಬದಲಿಸುವ ಚುಕ್ಕಿಗಳನ್ನು ಅಲೆಮಾರಿಗಳು ಎಂದು ಕರೆದರು. ಇಂಗ್ಲಿಷಿನ ‘ಪ್ಲಾನೆಟ್’ ಬಂದದ್ದು ಅಲ್ಲಿಂದ. ಮುಂದೆ 1609ರಲ್ಲಿ ಕೆಪ್ಲರ್ ಆ ಅಲೆಮಾರಿಗಳ ಹಾದಿಗೆ ಕರಾರುವಾಕ್ಕಾದ ನಿಯಮ ಇದೆ ಎಂದು ತೋರಿಸಿದ. ನಮ್ಮಲ್ಲೂ ಗ್ರಹಗಳ ಸಂಚಾರಕ್ಕೆ ‘ಗ್ರಹಚಾರ’ ಎಂದು ಹೆಸರು. ಕ್ರಮೇಣ ಅದು ಕೆಟ್ಟ ಕಾಲಕ್ಕೆ ಹೆಸರಾಯಿತು. ನಡೆಯುವುದರ ಮೇಲೆ ಮನುಷ್ಯನಿಗೆ ಎಲ್ಲೋ ಒಂದು ಅನುಮಾನ ಇದ್ದೇ ಇದೆ.

ಕನ್ನಡದ ‘ಅಲೆ’ ಇವೆಲ್ಲಕ್ಕಿಂತ ಆಳವಾದ ಪದ. ಅದು ನೀರಿನ ತೆರೆ. ಅದು ಊರೂರು ತಿರುಗುವುದು. ಹಳಗನ್ನಡದಲ್ಲಿ ಅದಕ್ಕೆ ಕಾಡು, ಬಾಧಿಸು ಎಂಬ ಅರ್ಥವೂ ಇತ್ತು. ಈ ಮೂರನೆಯ ಅರ್ಥ ಸತ್ತಿಲ್ಲ ಎಂಬುದು ನನಗೆ ತಿಳಿದದ್ದು ಸರ್ಕಾರಿ ಕಚೇರಿಯ ಮೆಟ್ಟಿಲ ಮೇಲೆ. ಅಲ್ಲಿ ಸರದಿಯಲ್ಲಿ ನಿಂತವರ ಬಾಯಲ್ಲಿ ಒಂದೇ ಮಾತು: ‘ಖಾತೆಗೆ ಅಲೀತಾ ಇದೀನಿ’, ‘ಪೆನ್ಶನ್‌ಗೆ ಅಲೆದು ಅಲೆದು ಚಪ್ಪಲಿ ಸವೀತು’. ಇವರಲ್ಲಿ ಯಾರಿಗೆ ಗುರಿಯಿಲ್ಲ? ಎಲ್ಲರ ಕೈಯಲ್ಲೂ ಗುರಿ ಪ್ಲಾಸ್ಟಿಕ್ ಕವರಿನೊಳಗೆ ಜೆರಾಕ್ಸ್ ಸಮೇತ ಇದೆ. ಆದರೂ ಅವರು ‘ಹೋಗುತ್ತಿದ್ದೇನೆ’ ಅನ್ನುವುದಿಲ್ಲ, ‘ಅಲೆಯುತ್ತಿದ್ದೇನೆ’ ಅನ್ನುತ್ತಾರೆ. ಗುರಿ ಇದ್ದೂ ಕೈಗೆ ಸಿಗದಂತೆ ಮಾಡಿದಾಗ ಹೋಗುವುದು ಅಲೆಯುವುದಾಗುತ್ತದೆ.

ಕನ್ನಡ ಇದಕ್ಕೆ ಇನ್ನೊಂದು ರೂಪವನ್ನೂ ಕೊಟ್ಟಿದೆ: ಅಲೆಸು, ಅಲೆದಾಡಿಸು. ‘ಆ ಗುಮಾಸ್ತ ನನ್ನನ್ನು ಅಲೆಸಿದ’ ಅಂದರೆ ತಪ್ಪು ಯಾರದೆಂದು ಆ ಒಂದೇ ಪದ ಹೇಳಿಬಿಡುತ್ತದೆ. ಅಲೆಯುವವರನ್ನು ಕಂಡಾಗಲೆಲ್ಲ ಅಲೆಸುತ್ತಿರುವವರು ಯಾರು ಎಂದು ಕೇಳಿಕೊಳ್ಳುವ ಅಭ್ಯಾಸ ನಮಗಿದ್ದಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಕರ್ನಾಟಕದ ಸಕಾಲ ಕಾಯ್ದೆ ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿತು. 2011ರಲ್ಲಿ ಅಂಗೀಕಾರವಾಗಿ 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆ ಕಾಯ್ದೆಯ ಪ್ರಕಾರ ಪ್ರತಿ ಸೇವೆಗೂ ಗಡುವು ಇದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು. ಆದರೆ ಜನರನ್ನು ಅಲೆಸುವುದು ತಪ್ಪು, ಅದಕ್ಕೆ ಬೆಲೆ ತೆರಬೇಕು ಎಂದು ಸರ್ಕಾರವೇ ಬರೆದುಕೊಟ್ಟದ್ದು ದೊಡ್ಡದು. ಅರ್ಜಿ ಕೊಟ್ಟಾಗ ಸಕಾಲದ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ ಎಂದು ನಾನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇನೆ.

ನಡೆಯುವ ಕೆಲಸ ಒಂದೇ ಆದರೂ ನಡೆಯುವವರ ಅಂತಸ್ತಿನಂತೆ ಹೆಸರು ಬದಲಾಗುತ್ತದೆ. ಪೊಲೀಸರದು ಗಸ್ತು, ಮಂತ್ರಿಗಳದು ಪ್ರವಾಸ, ಐಡಿಯಲ್ ಹೋಮ್ಸ್ ಬಡಾವಣೆಯ ಪಾರ್ಕಿನಲ್ಲಿ ಸಂಜೆ ಸುತ್ತುವ ನಿವೃತ್ತರದು ವಾಕಿಂಗ್, ಮಠಾಧೀಶರದು ಸಂಚಾರ. ಈ ಕೊನೆಯದಂತೂ ನಮ್ಮ ಊರಿನ ಹುಟ್ಟಿಗೇ ಸಂಬಂಧಿಸಿದ್ದು. ಹಾಗೆ ಸಂಚರಿಸುತ್ತ ಬಂದ ತಿರುಚ್ಚಿ ಸ್ವಾಮಿಗಳು 1960ರಲ್ಲಿ ಕೆಂಚೇನಹಳ್ಳಿಯಲ್ಲಿ ಕೈಲಾಸ ಆಶ್ರಮ ಸ್ಥಾಪಿಸಿದರು. ಅಲ್ಲಿನ ರಾಜರಾಜೇಶ್ವರಿ ಅಮ್ಮನವರ ಹೆಸರೇ ನಗರಕ್ಕೂ ಬಂತು. ಸಂನ್ಯಾಸಿಗೆ ಶಾಸ್ತ್ರ ಹೇಳುವುದೇ ಒಂದು ಕಡೆ ನೆಲೆನಿಲ್ಲಬೇಡ ಎಂದು. ಮಳೆಗಾಲದ ಚಾತುರ್ಮಾಸ್ಯದಲ್ಲಿ ಮಾತ್ರ ನಿಲ್ಲಲು ಅಪ್ಪಣೆ. ಹನ್ನೆರಡನೆಯ ಶತಮಾನದ ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಿಂತದ್ದಕ್ಕಿಂತ ಚಲಿಸುವುದನ್ನು, ಸ್ಥಾವರಕ್ಕಿಂತ ಜಂಗಮವನ್ನು ಮೇಲೆ ಇಟ್ಟರು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಪ್ರವಾಸದ ಪುಸ್ತಕವೊಂದಕ್ಕೆ ‘ಅಲೆಮಾರಿಯ ಅಂಡಮಾನ್’ ಎಂದು ಹೆಸರಿಟ್ಟರೆ, ಎ.ಎನ್. ಮೂರ್ತಿರಾಯರು ಪ್ರಬಂಧ ಸಂಕಲನಕ್ಕೆ ‘ಅಲೆಯುವ ಮನ’ ಎಂದು ಇಟ್ಟರು. ಅಲೆಯುವುದಕ್ಕೆ ನಮ್ಮ ನಾಡಿನಲ್ಲಿ ಗೌರವ ಇಲ್ಲ ಎನ್ನಲಾಗದು. ಆ ಗೌರವ ಎಲ್ಲರಿಗೂ ಸಿಗುವುದಿಲ್ಲ ಅಷ್ಟೆ.

ಹೆಣ್ಣುಮಕ್ಕಳಿಗಂತೂ ಸಿಗಲಿಲ್ಲ. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾನು ಕಪ್ಪು ಹಲಗೆಯ ಮೇಲೆ ಬರೆಯುವಾಗ ತರಗತಿಯ ಅರ್ಧ ಮಕ್ಕಳಿಗೆ ಮನೆಯಲ್ಲಿ ಬೇರೆಯೇ ಪಾಠ ನಡೆದಿರುತ್ತಿತ್ತು. ಗಂಡು ತಿರುಗಿದರೆ ಲೋಕ ಕಂಡವನು, ಹೆಣ್ಣು ತಿರುಗಿದರೆ ಬೀದಿ ಸುತ್ತುವವಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ಮೊದಲು ಎದ್ದ ದೂರು ಯಾವುದು? ‘ಈಗ ಹೆಂಗಸರೆಲ್ಲ ಸುಮ್ಮನೆ ತಿರುಗ್ತಾರೆ.’ 2025ರ ಜುಲೈ ಹೊತ್ತಿಗೆ ಈ ಯೋಜನೆಯಡಿ 500 ಕೋಟಿ ಪ್ರಯಾಣಗಳಾದವು. ಅದರಲ್ಲಿ ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಹೋದವರು ಎಷ್ಟೋ. ಧರ್ಮಸ್ಥಳಕ್ಕೋ ಶೃಂಗೇರಿಗೋ ಸುಮ್ಮನೆ ಹೋಗಿಬಂದವರೂ ಇದ್ದಾರೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತ ಹೆಂಗಸು ಒಂದು ದಿನ ಸುಮ್ಮನೆ ಹೋಗಿ ಸಮುದ್ರ ನೋಡಿ ಬಂದರೆ ಅದನ್ನು ಗುರಿಯಿಲ್ಲದ ಪ್ರಯಾಣ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಮುಂಬಯಿಯ ಬೀದಿಗಳಲ್ಲಿ ಹೆಣ್ಣುಮಕ್ಕಳು ಕಾರಣ ಹೇಳದೆ ನಿಂತುಕೊಳ್ಳುವ ಹಕ್ಕಿನ ಬಗ್ಗೆ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ 2011ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮಲ್ಲಿ ಆ ಮಾತನ್ನು ಬಸ್ಸು ಹತ್ತಿದ ಹೆಂಗಸರೇ ನಡೆದು ತೋರಿಸಿದರು.

ಕಾನೂನು ಕೂಡ ಅಲೆಯುವವರನ್ನು ಸಂಶಯದಿಂದಲೇ ನೋಡಿದೆ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು. ಅದು ರದ್ದಾದದ್ದು 1952ರಲ್ಲಿ. ನಮ್ಮದೇ ರಾಜ್ಯದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯನ್ನು ತೆಗೆದು ನೋಡಿ. ಕೈಚಾಚಿ ಬೇಡಿದವರಷ್ಟೇ ಅದರ ಲೆಕ್ಕದಲ್ಲಿ ಭಿಕ್ಷುಕರಲ್ಲ. ಕಣ್ಣಿಗೆ ಕಾಣುವಂಥ ಜೀವನೋಪಾಯ ಇಲ್ಲದೆ, ಬೇಡಿ ಬದುಕುವವರಂತೆ ತೋರುವ ರೀತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಅಲೆಯುವವರೂ ಅದರೊಳಗೆ ಸೇರುತ್ತಾರೆ. ಹಾಗೆ ಹಿಡಿದವರನ್ನು ಕರೆದೊಯ್ಯುವ ನಿರಾಶ್ರಿತರ ಪರಿಹಾರ ಕೇಂದ್ರ ನಮಗೆ ದೂರವೇನಲ್ಲ, ಮಾಗಡಿ ರಸ್ತೆಯಲ್ಲಿದೆ. ದೆಹಲಿಯಲ್ಲಿ ಜಾರಿಯಲ್ಲಿದ್ದ ಇಂಥದೇ ಕಾನೂನಿನ ಮುಖ್ಯ ಕಲಮುಗಳನ್ನು ಅಲ್ಲಿನ ಹೈಕೋರ್ಟು 2018ರ ಆಗಸ್ಟ್‌ನಲ್ಲಿ ಸಂವಿಧಾನಬಾಹಿರ ಎಂದು ತಳ್ಳಿಹಾಕಿತು. ಬಟ್ಟೆ ಮಾಸಿದೆ, ನಡೆ ತಡವರಿಸುತ್ತಿದೆ ಎಂಬುದರಿಂದ ಒಬ್ಬ ಮನುಷ್ಯ ಏನು ಎಂದು ತೀರ್ಮಾನಿಸುವ ಕಲಮು ಕರ್ನಾಟಕದಲ್ಲೂ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಆ ವಿವರಣೆಗೆ ನನ್ನ ಅತ್ತೆಯವರೂ ಸರಿಯಾಗಿ ಹೊಂದುತ್ತಿದ್ದರು.

ಅತ್ತೆಗೆ ಮರೆವಿನ ಕಾಯಿಲೆ ಶುರುವಾದಾಗ ಎಂಬತ್ತರ ಹತ್ತಿರ ಇರಬೇಕು, ಹುಟ್ಟಿದ ವರ್ಷ ಅವರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯ ಕಡತದಲ್ಲಿ ವೈದ್ಯರು ಡಿಮೆನ್ಷಿಯಾ ಎಂದು ಬರೆದು, ಅದರ ಕೆಳಗೆ ‘ವಾಂಡರಿಂಗ್’ ಎಂದು ಬರೆದರು. ವೈದ್ಯಕೀಯದಲ್ಲಿ ಇದು ಒಂದು ಲಕ್ಷಣದ ಹೆಸರು. ಕಾಯಿಲೆ ಇರುವವರು ಮನೆಯಿಂದ ಹೊರಬಿದ್ದು, ಹಿಂದಿರುಗುವ ದಾರಿ ತಿಳಿಯದೆ ನಡೆಯುತ್ತಲೇ ಇರುವುದು. ಅಮೆರಿಕದ ಆಲ್‌ಝೈಮರ್ಸ್ ಅಸೋಸಿಯೇಷನ್ ಹೇಳುವಂತೆ ಡಿಮೆನ್ಷಿಯಾ ಇರುವ ಹತ್ತು ಮಂದಿಯಲ್ಲಿ ಆರು ಮಂದಿ ಒಮ್ಮೆಯಾದರೂ ಹೀಗೆ ಹೊರಟುಹೋಗುತ್ತಾರೆ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ಅಂದಾಜಿಸಿತು.

ನಮ್ಮತ್ತೆ ಹೊರಡುತ್ತಿದ್ದುದು ಹೆಚ್ಚಾಗಿ ಸಂಜೆ ಇಳಿಹೊತ್ತಿಗೆ. ಮಗ್ಗುಲಿನ ಅಂಗಡಿಯವರು ಕೇಳಿದರೆ, ‘ಹೊಲದ್ ತಾವ ಹೋಗ್ಬತ್ತೀನಿ ಕಣಪ್ಪ, ರಾಗಿಗೆ ಕಳೆ ತುಂಬ್ಕಂಡದೆ’ ಅನ್ನುತ್ತಿದ್ದರು. ಕೆಲವೊಮ್ಮೆ ನನ್ನ ಕೈಯನ್ನೇ ಹಿಡಿದು, ‘ಹೊತ್ತಾಯ್ತು ಕಣವ್ವ, ನಮ್ಮನೆಗೆ ಬಿಟ್ಬುಡು, ದನ ಕಟ್ಬೇಕು’ ಎಂದು ಅಂಗಲಾಚುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಬಾಳಿದ ಮನೆಯ ಹಜಾರದಲ್ಲೇ ನಿಂತು ಹಾಗೆ ಹೇಳುವಾಗ ‘ಇದೇ ನಿಮ್ಮನೆ ಅತ್ತೆ’ ಎಂದರೆ ಅವರಿಗೆ ಕೋಪ ಬರುತ್ತಿತ್ತು. ನಾವು ಬಾಗಿಲಿಗೆ ಬೀಗ ಹಾಕಿದೆವು. ಅವರು ಬಾಗಿಲ ಮುಂದೆ ಕೂತು ಅತ್ತರು.

ಒಂದು ದಿನ ಕಣ್ತಪ್ಪಿಸಿ ಹೋದವರನ್ನು ತರಕಾರಿ ಗಾಡಿಯವರೊಬ್ಬರು ಗುರುತಿಸಿ ಫೋನ್ ಮಾಡಿದರು. ಹಲಗೆವಡೇರಹಳ್ಳಿ ಕೆರೆಯ ಕಡೆಗೆ ಹೋಗುವ ಹಾದಿಯಲ್ಲಿ, ಒಂದು ಪಾರ್ಕಿನ ಕಾಂಪೌಂಡಿಗೆ ಕೈ ಊರಿ ನಿಂತಿದ್ದರು. ಮುಂದೆ ಹೋಗಲಾಗದೆ ಗೋಡೆಯನ್ನೇ ನೋಡುತ್ತಿದ್ದರು. ಅವರನ್ನು ಕರೆತಂದ ರಾತ್ರಿ ನನ್ನ ಗಂಡ ಬಹಳ ಹೊತ್ತು ಮಾತಾಡದೆ ಕೂತಿದ್ದು, ಆಮೇಲೆ ಹೇಳಿದರು: ‘ಅಲ್ಲೇ ನಮ್ಮ ಗಾಡಿ ಜಾಡಿದ್ದದ್ದು. ನಾನು ಚಿಕ್ಕೋನಿದ್ದಾಗ ಅವ್ವ ಬುತ್ತಿ ಹೊತ್ಕೊಂಡು ಅದೇ ಜಾಡಲ್ಲಿ ಹೊಲಕ್ಕೆ ಹೋಗ್ತಿದ್ಲು.’

ಅಲ್ಲಿಂದ ಮುಂದೆ ನಾನು ಅವರ ಹಿಂದೆ ನಡೆಯಲು ಶುರುಮಾಡಿದೆ. ತಡೆಯದೆ, ಸ್ವಲ್ಪ ದೂರದಲ್ಲಿ. ಅವರು ಪ್ರತಿ ಸಲವೂ ಪಡುವಣಕ್ಕೇ ತಿರುಗುತ್ತಿದ್ದರು. ಡಾಂಬರು ರಸ್ತೆ ಬಳಸಿ ಹೋಗುವ ಕಡೆ ಅವರು ನೇರ ಹೋಗಲು ನೋಡುತ್ತಿದ್ದರು. ಒಂದು ತಿರುವಿನಲ್ಲಿ ಸೀರೆ ಸ್ವಲ್ಪ ಮೇಲೆತ್ತಿ ಹೆಜ್ಜೆ ಇಡುತ್ತಿದ್ದರು. ಅಲ್ಲಿ ಹಿಂದೆ ನೀರು ಹರಿಯುವ ಸಣ್ಣ ಕಾಲುವೆ ಇತ್ತಂತೆ. ಬಡಾವಣೆಯ ನಕ್ಷೆ ಬಿಡಿಸಿದವರಿಗೆ ಆ ಕಾಲುವೆಯ ನೆನಪಿಲ್ಲ. ಅವರ ಕಾಲಿಗೆ ಇತ್ತು. ರಾಜರಾಜೇಶ್ವರಿನಗರದಲ್ಲಿ 2021ರ ಆಗಸ್ಟ್‌ನಲ್ಲಿ ಮೆಟ್ರೊ ಓಡತೊಡಗಿತು. ವೃಷಭಾವತಿ ನದಿ ಎರಡು ಗೋಡೆಗಳ ನಡುವೆ ಕಪ್ಪಗೆ ಹರಿಯುತ್ತಿದೆ. ಇಷ್ಟು ಬೇಗ ಇಷ್ಟೆಲ್ಲ ಬದಲಾದ ಊರಿನಲ್ಲಿ ದಾರಿ ತಪ್ಪಿದ್ದು ಅವರೇ ಎಂದು ನಾನು ಒಪ್ಪಲಾರೆ.

ಬ್ರಿಟನ್ನಿನ ಆಲ್‌ಝೈಮರ್ಸ್ ಸೊಸೈಟಿ ಈಗ ‘ವಾಂಡರಿಂಗ್’ ಎಂಬ ಪದವನ್ನೇ ಕೈಬಿಟ್ಟು ‘ನಡೆದಾಡುವುದು’ ಎನ್ನುತ್ತದೆ. ಆ ಪದ ಕಾಯಿಲೆಯವರ ನಡಿಗೆಗೆ ಅರ್ಥವಿಲ್ಲ ಎಂದು ಮೊದಲೇ ಹೇಳಿಬಿಡುತ್ತದೆ ಎಂಬುದು ಕಾರಣ. ಹಾಗೆ ಹೊರಡುವವರಿಗೆ ಕಾರಣ ಇರುತ್ತದೆ. ಬಚ್ಚಲಿಗೆ ಹೋಗಬೇಕಿರಬಹುದು, ಹೇಳಲು ಬಾಯಿ ಬರುತ್ತಿಲ್ಲ. ಹಸಿವಾಗಿರಬಹುದು. ಮಂಡಿನೋವಿಗೆ ಕೂರಲಾಗದೆ ಎದ್ದಿರಬಹುದು. ಮನೆಯಲ್ಲಿ ಟಿ.ವಿ. ಸದ್ದು ಹೆಚ್ಚಾಗಿರಬಹುದು. ಬಾಳೆಲ್ಲ ದುಡಿದ ದೇಹಕ್ಕೆ ಇಡೀ ದಿನ ಕೆಲಸವಿಲ್ಲದೆ ಕೂರುವುದು ಹಿಂಸೆಯಾಗಿರಬಹುದು. ಇಳಿಹೊತ್ತಿನಲ್ಲಿ ಗಲಿಬಿಲಿ ಹೆಚ್ಚಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ನಮ್ಮಲ್ಲಿ ಬೀಗಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಸಂಜೆಯ ಮೊದಲು ಜೊತೆಯಲ್ಲಿ ಒಂದು ಸುತ್ತು ಹೋಗಿಬರುವುದು, ಆಮೇಲೆ ಮೊರದಲ್ಲಿ ಅವರೆಕಾಯಿ ಹಾಕಿ ಮುಂದಿಡುವುದು. ‘ಹೊಲ ಎಲ್ಲಿದೆ ಈಗ?’ ಎಂದು ವಾದ ಮಾಡುವುದನ್ನು ನಿಲ್ಲಿಸಿ, ‘ಈ ಸಲ ರಾಗಿ ಹೆಂಗಿತ್ತು ಅತ್ತೆ?’ ಎಂದು ಕೇಳಿದರೆ ಅರ್ಧ ಗಂಟೆ ಮಾತಾಡಿ ತಾವಾಗಿಯೇ ಸಮಾಧಾನವಾಗುತ್ತಿದ್ದರು.

ಈ ಕಾಯಿಲೆಯವರು ಮನೆಯಲ್ಲಿದ್ದರೆ ಇಷ್ಟನ್ನಾದರೂ ಮಾಡಿ. ಹೆಸರು ಮತ್ತು ಮನೆಯವರ ಫೋನ್ ಸಂಖ್ಯೆ ಇರುವ ಬಳೆಯೋ ಪದಕವೋ ಸದಾ ಮೈಮೇಲಿರಲಿ. ಸೆರಗಿನ ಅಂಚಿಗೆ, ಅಂಗಿಯ ಒಳಗೆ ಅದೇ ಸಂಖ್ಯೆ ಬರೆದು ಹೊಲಿಯಿರಿ. ಇತ್ತೀಚಿನ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಕಾಯಿಲೆಯ ವಿಷಯ ಮುಚ್ಚಿಡಬೇಡಿ. ಹಾಲಿನ ಬೂತಿನವರು, ಆಟೊ ಸ್ಟ್ಯಾಂಡಿನವರು, ದೇವಸ್ಥಾನದ ಅರ್ಚಕರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಇವರಿಗೆಲ್ಲ ಮುಖ ಗೊತ್ತಿರಬೇಕು. ಕಾಣೆಯಾದರೆ ಕಾಯುತ್ತ ಕೂರಬೇಡಿ, ತಕ್ಷಣ ಪೊಲೀಸರಿಗೆ ತಿಳಿಸಿ. ಮನೆಯ ಹತ್ತಿರದ ಜಾಗಗಳಿಂದ ಹುಡುಕಲು ಶುರುಮಾಡಿ, ಜೊತೆಗೆ ಅವರ ಹಳೆಯ ಮನೆ, ಹಳೆಯ ಕೆಲಸದ ಜಾಗ, ತವರಿನ ಬಸ್ಸು ಹತ್ತುವ ನಿಲ್ದಾಣ ನೋಡಿ.

ಇನ್ನು ನೀವು ಬೀದಿಯಲ್ಲಿ ಹೋಗುವಾಗ ವಯಸ್ಸಾದವರೊಬ್ಬರು ಗೊಂದಲದಲ್ಲಿ ನಡೆಯುತ್ತಿರುವುದು ಕಂಡರೆ ‘ಯಾಕಜ್ಜಿ ಸುಮ್ಮನೆ ಅಲೀತಿದೀಯ’ ಎನ್ನಬೇಡಿ. ಎದುರಿಗೆ ನಿಂತು, ಮೆಲ್ಲಗೆ, ‘ಎಲ್ಲಿಗೆ ಹೊರಟಿದೀರಮ್ಮ?’ ಎಂದು ಕೇಳಿ. ಉತ್ತರ ಸಿಗುತ್ತದೆ. ಆ ಊರು, ಆ ಹೊಲ ಈಗ ಇಲ್ಲದಿರಬಹುದು, ಆದರೂ ಒಂದಿಷ್ಟು ದೂರ ಅವರ ಜೊತೆ ನಡೆಯಿರಿ, ಕೂರಿಸಿ ನೀರು ಕೊಡಿ, ಕೈಬಳೆ ನೋಡಿ, ಫೋನ್ ಮಾಡಿ. ತುರ್ತಿಗೆ 112. ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ ಆರಂಭಿಸಿದ ಹಿರಿಯರ ಸಹಾಯವಾಣಿ 1090. ದೇಶದ ಎಲ್ಲಿಂದಲಾದರೂ ಹಿರಿಯರಿಗಾಗಿ ಕರೆ ಮಾಡಬಹುದಾದ ಎಲ್ಡರ್‌ಲೈನ್ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಈ ಸಂಖ್ಯೆಗಳನ್ನು ಇವತ್ತೇ ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ.